ನನ್ನ ಹೆಸರು ಸರ್ಕಾರಕ್ಕೆ ಹೋದಾಗ

“ಇದನ್ನ ಸರ್ಕಾರಕ್ಕೆ ತಿಳಿಸ್ಬೇಕು ಅಜ್ಜಿ” ಅಂದರು ಡಾಕ್ಟರು. ಟಿಬಿ ಎಂದಾಗ ನಾನು ಅಷ್ಟು ಹೆದರಿರಲಿಲ್ಲ. ಈ ಮಾತಿಗೆ ಹೆದರಿದೆ.

ನಾನು ಮಲ್ಲಮ್ಮ. ಕಲಬುರಗಿ ಕಡೆಯವಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಇದನ್ನು ಬರೆದದ್ದು ನಾನೇ, ಕಾಗುಣಿತ ತಿದ್ದಿದ್ದು ಸೊಸೆ. ಮಾತು ತಿದ್ದಲು ನಾನು ಬಿಡಲಿಲ್ಲ.

ನಾವು ಬೆಂಗಳೂರಿನ ಗರುಡಾಚಾರ್‌ಪಾಳ್ಯದಲ್ಲಿ ಒಂದು ವಠಾರದಲ್ಲಿದ್ದೇವೆ. ಶೀಟಿನ ಮಾಡು, ಸಾಲಾಗಿ ಖೋಲಿಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಪಾಯಿಖಾನೆ. ನಮ್ಮದು ಒಂದೇ ಖೋಲಿ. ಅದರಲ್ಲಿ ಮಗ ಶರಣು, ಸೊಸೆ ರೇಣುಕಾ, ಮೊಮ್ಮಗಳು ಗೌರಿ, ನಾನು. ಶರಣು ಕಟ್ಟಡಗಳಿಗೆ ಬಣ್ಣ ಬಳಿಯುತ್ತಾನೆ. ಗೌರಿ ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ಮನೆಮನೆಗೆ ಹೋಗಿ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ಬೆಂಗಳೂರಿನವರಿಗೆ ಸಕ್ಕರೆ ಕಾಯಿಲೆ ಬಂದಮೇಲೆ ನಮ್ಮ ರೊಟ್ಟಿಯ ನೆನಪಾಗುತ್ತದೆ.

ಕೆಮ್ಮು ಹತ್ತಿ ಬಹಳ ದಿನವಾಗಿತ್ತು. ಅಂಗಡಿಯ ಔಷಧಿ ಕುಡಿದೆ, ಕಷಾಯ ಕುಡಿದೆ. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಬಳೆ ಮೊಳಕೈವರೆಗೆ ಜಾರತೊಡಗಿದವು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಒಬ್ಬ ಡಾಕ್ಟರ ಬಳಿ ಒಬ್ಬಳೇ ಹೋದೆ. ಅವರು ಕಫ ತೆಗೆಸಿದರು, ಎದೆಯ ಫೋಟೋ ತೆಗೆಸಿದರು. ಎರಡನೇ ಸಲ ಹೋದಾಗ ಆ ಮಾತು ಹೇಳಿದರು.

“ಸರ್ಕಾರಕ್ಕ ಯಾಕ್ರಿ ಸಾಹೇಬ್ರ? ನಾ ಏನ್ ಕಳವು ಮಾಡೀನಿ?”

“ಕಳ್ಳತನ ಅಲ್ಲಜ್ಜಿ. ಈ ಕಾಯಿಲೆ ಯಾರಿಗೆ ಬಂದ್ರೂ ನಾವು ಹೇಳ್ಲೇಬೇಕು, ಅದು ಕಾನೂನು. ಹೇಳ್ದಿದ್ರೆ ನನಗೆ ತೊಂದ್ರೆ.”

“ನಿಮಗ ತೊಂದ್ರಿ ಆಗಬಾರದು. ನನಗ ಆದ್ರ ನಡೀತದ?”

ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಕೊರೋನಾ ವರ್ಷ. ನಮ್ಮ ಓಣಿಯ ಕೊನೆಯಲ್ಲಿ ಇಸ್ತ್ರಿ ಮಾಡುವವನೊಬ್ಬನಿದ್ದ. ಅವನಿಗೆ ಆ ಕಾಯಿಲೆ ಬಂತೆಂದು ಸರ್ಕಾರಕ್ಕೆ ಗೊತ್ತಾಯಿತು. ಗಾಡಿ ಬಂತು. ಓಣಿಗೆ ತಗಡು ಹೊಡೆದರು. ಬಾಗಿಲಿಗೆ ಕಾಗದ ಅಂಟಿಸಿದರು. ಅವನು ಗುಣವಾಗಿ ಬಂದ, ಆದರೆ ಒಬ್ಬರೂ ಅವನಿಗೆ ಬಟ್ಟೆ ಕೊಡಲಿಲ್ಲ. ಕೊನೆಗೆ ಇಸ್ತ್ರಿ ಪೆಟ್ಟಿಗೆ ಹೊತ್ತುಕೊಂಡು ಎಲ್ಲಿಗೋ ಹೋದ. ಸರ್ಕಾರಕ್ಕೆ ತಿಳಿಸುವುದು ಎಂದರೆ ನನಗೆ ಗೊತ್ತಿದ್ದದ್ದು ಇಷ್ಟು.

ಕೌಂಟರಿನ ಹುಡುಗಿ ಫೋನ್ ನಂಬರ್ ಕೇಳಿದಳು. ಫೋನ್ ಇಲ್ಲ ಎಂದೆ. ಮಗನ ನಂಬರ್ ಕೊಟ್ಟರೆ ಹುಡುಕಿಕೊಂಡು ವಠಾರಕ್ಕೆ ಬರುತ್ತಾರೆ ಎಂದು ನನ್ನ ಲೆಕ್ಕ. “ಆಧಾರ್ ಆದ್ರೂ ಕೊಡಜ್ಜಿ” ಎಂದಳು. ಕೊಟ್ಟೆ. ದೊಡ್ಡ ಜಾಣತನ ಮಾಡಿದೆ ಅಂದುಕೊಂಡು ಗುಳಿಗೆಯ ಚೀಲ ಹಿಡಿದು ಮೆಟ್ಟಿಲಿಳಿದೆ.

ಅವತ್ತು ಸಂಜೆಯೇ ಮಗ ಸೊಸೆಗೆ ಹೇಳಿದೆ. ಮುಚ್ಚಿಡುವುದು ನನ್ನ ಜಾಯಮಾನವಲ್ಲ, ಅದೂ ಒಂದೇ ಖೋಲಿಯಲ್ಲಿ. ಗೌರಿ ನನ್ನ ತೊಡೆಯ ಮೇಲೆ ಮಲಗಿದ್ದಳು. ನಾನು ಟಿಬಿ ಎಂದ ತಕ್ಷಣ ರೇಣುಕಾ ಎದ್ದು ಬಂದು ಕೂಸನ್ನು ಎತ್ತಿಕೊಂಡಳು. ಬೈಯಲಿಲ್ಲ. ಸೆರಗಿನಿಂದ ಅದರ ಬಾಯಿ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು.

ಯಾಕೆ ಒರೆಸುತ್ತಾಳೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಹಲ್ಲು ಬಲಿಯದ ಕೂಸಿಗೆ ಮುದುಕಿಯರು ರೊಟ್ಟಿ ಅಗಿದು ತಿನ್ನಿಸುತ್ತಾರೆ. ನಮ್ಮವ್ವ ನನಗೆ ತಿನ್ನಿಸಿದ್ದಳು, ನಾನು ಶರಣುವಿಗೆ ತಿನ್ನಿಸಿದೆ, ಗೌರಿಗೂ ತಿನ್ನಿಸುತ್ತಿದ್ದೆ.

“ಅತ್ತಿ, ಇವತ್ತ ಮುಂಜಾನಿನೂ ತಿನಿಸೀರಿ?”

“ಹೂಂ.”

ಅವಳು ಕೂಸಿನ ಬಾಯಿ ಇನ್ನೊಮ್ಮೆ ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಶರಣು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದ: “ಯಾರ ಮುಂದೂ ಬಾಯಿ ಬಿಡಬ್ಯಾಡ ಯವ್ವ. ಮುನಿರಾಜುಗ ಗೊತ್ತಾದ್ರ ನಮ್ಮ ಸಾಮಾನು ಬೀದ್ಯಾಗ. ಯಾರರೆ ಬಂದು ಕೇಳಿದ್ರ ನೀ ಒಬ್ಬಾಕಿನೇ ಇದ್ದಿ, ಮನ್ಯಾಗ ಯಾರೂ ಇಲ್ಲ ಅನ್ನು.” ಮುನಿರಾಜು ನಮ್ಮ ಓನರ್.

“ಕೂಸಿನ ಮೈ ಯಾಕೋ ಬಿಸಿ ಅದ” ಎಂದಳು ರೇಣುಕಾ.

“ಹಲ್ಲು ಬರಾಕತ್ತಾವ. ಅದಕ್ಕ” ಎಂದ ಶರಣು.

ಹಲ್ಲು ಬರುತ್ತಿದ್ದದ್ದು ನಿಜ. ಅದಕ್ಕೇ ಮೈ ಬಿಸಿಯೋ, ನನ್ನಿಂದ ಹೋದದ್ದೋ? ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ನಾನು ಸತ್ತರೆ ಮುದುಕಿ ಸತ್ತಳು ಎನ್ನುತ್ತಾರೆ. ಕೂಸಿನದು ಹಾಗಲ್ಲ.

ಬೇರೆ ಕೋಣೆಯಲ್ಲಿ ಮಲಗಿ ಎಂದಿದ್ದರು ಡಾಕ್ಟರು. ಬೇರೆ ಕೋಣೆ ಎಲ್ಲಿಂದ ತರಲಿ? ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಚಾಪೆ ಹಾಕಿಕೊಂಡೆ. ಬಾಯಿಗೆ ಮಾಸ್ಕ್ ಕಟ್ಟಿಕೊಂಡೆ. ಮುಂಜಾನೆ ಪಕ್ಕದ ಖೋಲಿಯ ಸೆಲ್ವಿ ನಲ್ಲಿಗೆ ಬಂದವಳು ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು.

“ಏನಜ್ಜಿ, ಯಾರ್ ಮನೆ ದರೋಡೆಗೆ ಹೊರಟೆ ಮುಖ ಮುಚ್ಕೊಂಡು?”

“ನಿನ್ ಮನೀಗೇ. ಏನಿಟ್ಟೀ ಹೇಳು.”

“ಸೊಸೆ ಹೊರಗೆ ಹಾಕಿದ್ಲಾ?”

“ಒಳಗ ಶೆಕಿ ಆಗ್ತದ.”

“ಶೆಕೆಗೆ ಮಾಸ್ಕ್ ಹಾಕೋದನ್ನ ನಾನು ಇವತ್ತೇ ನೋಡಿದ್ದು” ಎಂದು ನಗುತ್ತ ಹೋದಳು. ಅವಳು ಕೆಟ್ಟವಳಲ್ಲ, ಆದರೆ ಬಾಯಿ ಗಂಟೆ ಹೊಡೆದ ಹಾಗೆ. ಅವಳ ನಗು ಓನರ್ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು?

ರೊಟ್ಟಿ ಕೆಲಸ ಬಿಡಬೇಕಿತ್ತು. ಊರಿಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಬಿಡುವುದೆಂದು ಮನೆಮನೆಗೆ ಹೋದೆ. ವಿಮಾನಪುರದ ಶಾರದಮ್ಮನ ಮನೆ ಕೊನೆಯದು. ಅವರ ಯಜಮಾನರು ವಿಮಾನ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. “ಹೋಗೋದಿದ್ರೆ ಹೋಗೇ, ಇವತ್ತೊಂದಿನ ಬಡಿದಿಟ್ಟು ಹೋಗು” ಎಂದರು ಶಾರದಮ್ಮ. ಮಾಸ್ಕ್ ಯಾಕೆ ಎಂದು ಕೇಳಿದ್ದಕ್ಕೆ ಹಿಟ್ಟಿನ ಧೂಳು ಆಗುವುದಿಲ್ಲ ಎಂದೆ. ಜನ್ಮವೆಲ್ಲ ಹಿಟ್ಟಿನಲ್ಲೇ ಕಳೆದವಳ ಮಾತನ್ನು ಅವರು ನಂಬಿದರು.

ಹಂಚಿನ ಮೇಲೆ ರೊಟ್ಟಿ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದೆ. ಕರೆಗಂಟೆ ಸದ್ದಾಯಿತು. ಶಾರದಮ್ಮ ಹೋಗಿ ಬಾಗಿಲು ತೆರೆದದ್ದು, ಒಂದು ಹೆಣ್ಣು ದನಿ, ಎಲ್ಲವೂ ಅಡುಗೆಮನೆಗೆ ಕೇಳಿಸುತ್ತಿತ್ತು.

“ಮಲ್ಲಮ್ಮ ಅನ್ನೋರು ಇರೋದು ಇಲ್ಲೇನಾ ಮೇಡಂ?”

“ಇರೋದಲ್ಲ, ಕೆಲಸಕ್ಕೆ ಬರ್ತಾಳೆ. ನೀವ್ಯಾರು?”

“ಆರೋಗ್ಯ ಕೇಂದ್ರದಿಂದ ಬಂದಿದೀನಿ. ಅವರ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು.”

“ನನಗೇ ಹೇಳಿ ಪರ್ವಾಗಿಲ್ಲ. ನಮ್ಮನೆಯವಳಿದ್ದ ಹಾಗೆ ಅವಳು.”

“ಇಲ್ಲ ಮೇಡಂ, ಅವರಿಗೇ ಹೇಳ್ಬೇಕು.”

ಹಾಲಿನಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಕೂತಲ್ಲಿಂದಲೇ ಕೂಗಿದರು: “ಟಿಬಿನಾ, ಕುಷ್ಠನಾ ಕೇಳೇ! ಮಲೇರಿಯಾ ಆಗಿದ್ರೆ ಬಾಗಿಲಲ್ಲೇ ಹೇಳ್ತಿದ್ರು!”

ಆಗ ನನಗೆ ಹೊಳೆಯಿತು. ನನ್ನ ಆಧಾರ್ ಕಾರ್ಡಿನ ಮೇಲಿರುವುದು ನನ್ನ ಖೋಲಿಯ ವಿಳಾಸವಲ್ಲ, ಇದೇ ಮನೆಯದು. ನಮ್ಮ ಕಡೆಯಿಂದ ದುಡಿಯಲು ಬಂದ ಬಹಳ ಜನರದ್ದು ಹೀಗೆಯೇ. ಖೋಲಿಯ ಓನರ್ ಕರಾರು ಬರೆದುಕೊಡುವುದಿಲ್ಲ, ಕೊಟ್ಟರೆ ನಾವು ಅಲ್ಲೇ ಬೇರು ಬಿಡುತ್ತೇವೆ ಎಂದು ಅವರ ಭಯ. ಅದಕ್ಕೆ ಕೆಲಸದ ಮನೆಯವರ ಕೈಕಾಲು ಹಿಡಿದು ಅವರ ವಿಳಾಸ ಹಾಕಿಸಿಕೊಳ್ಳುತ್ತೇವೆ. ಶಾರದಮ್ಮನ ಯಜಮಾನರೇ ನನ್ನನ್ನು ಕರೆದುಕೊಂಡು ಹೋಗಿ ಮಾಡಿಸಿಕೊಟ್ಟಿದ್ದರು. ವಠಾರಕ್ಕೆ ಬರಬಾರದೆಂದು ಫೋನ್ ಇಲ್ಲ ಅಂದೆ. ಫೋನ್ ಇಲ್ಲದ್ದಕ್ಕೆ ಸರ್ಕಾರ ವಿಳಾಸ ಹಿಡಿದು ಇಲ್ಲಿಗೆ ಬಂತು.

ಕೈ ತೊಳೆಯದೆ ಹೊರಗೆ ಬಂದೆ. ಶಾರದಮ್ಮ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು.

“ಟಿಬಿನಾ ಮಲ್ಲಮ್ಮ?”

“ಹೌದ್ರಿ ಅಮ್ಮಾರ.”

“ಅಯ್ಯೋ ದೇವರೇ. ಹಿಟ್ಟು ಅಲ್ಲೇ ಬಿಡು. ಏನೂ ಮುಟ್ಬೇಡ. ಗ್ಯಾಸ್ ನಾನು ಆರಿಸ್ತೀನಿ.”

ಹಿತ್ತಲ ಬಾಗಿಲಲ್ಲಿದ್ದ ನನ್ನ ಚಪ್ಪಲಿಯನ್ನು ಪೊರಕೆಯಿಂದ ನೂಕಿ ನೂಕಿ ಗೇಟಿನ ತನಕ ತಂದುಕೊಟ್ಟರು. ಗೇಟು ಹಾಕಿಕೊಂಡರು. ಆಮೇಲೆ ಕಿಟಕಿಯ ಹಿಂದೆ ನಿಂತು, “ಊಟ ಮಾಡಿದ್ಯೇನೇ ಬೆಳಿಗ್ಗೆ?” ಎಂದು ಕೇಳಿದರು. ಎರಡೂ ಅವರೇ. ಮಾಡೀನ್ರಿ ಎಂದೆ.

ಬಂದವಳ ಹೆಸರು ನಸ್ರೀನ್. ನಾನು ಸಿಸ್ಟರ್ ಎನ್ನುತ್ತಿದ್ದೆ. ರಸ್ತೆಯಾಚೆ ಹೊಂಗೆ ಮರದ ಕೆಳಗೆ ತನ್ನ ಸ್ಕೂಟರಿನ ಪಕ್ಕ ನಿಂತು ಸಪ್ಪಗಿದ್ದಳು. “ಸಾರಿ ಅಜ್ಜಿ. ಇದು ನಿಮ್ಮನೆ ಅಂದ್ಕೊಂಡೆ. ಕೆಲಸದ ಮನೆ ಅಂತ ಗೊತ್ತಿದ್ರೆ ಬರ್ತಾನೇ ಇರ್ಲಿಲ್ಲ.”

“ಆದದ್ದು ಆಯ್ತು. ಏನ್ ಬೇಕು ಹೇಳು.”

ಮಾತ್ರೆ ತಪ್ಪದೆ ತಗೊಳ್ತಿದೀರಾ, ವಾಂತಿ ಆಗ್ತಿದ್ಯಾ, ಕಣ್ಣು ಮಂಜಾಗ್ತಿದ್ಯಾ ಎಂದೆಲ್ಲ ಕೇಳಿದಳು. ಆಮೇಲೆ, “ಮನೇಲಿ ಯಾರ್ಯಾರಿದಾರೆ? ಚಿಕ್ಕ ಮಕ್ಕಳು?”

ಮಗನ ಮಾತು ನೆನಪಿತ್ತು. “ಯಾರೂ ಇಲ್ಲ. ನಾ ಒಬ್ಬಾಕಿನೇ.”

“ಸದ್ಯ” ಎಂದು ಅವಳು ಹೆಲ್ಮೆಟ್ ಎತ್ತಿಕೊಂಡಳು. “ದೊಡ್ಡೋರಿಗೆ ನಿಧಾನಕ್ಕೆ ಬರುತ್ತೆ ಅಜ್ಜಿ, ಮಾತ್ರೆ ನುಂಗಿದ್ರೆ ಹೋಗುತ್ತೆ. ಕೂಸುಗಳಿಗೆ ಹಾಗಲ್ಲ. ಕೆಲವು ಸಲ ಸೀದಾ ತಲೆಗೇ ಹೋಗ್ಬಿಡುತ್ತೆ. ಮೊದ್ಲೇ ನೋಡ್ಬಿಟ್ರೆ ತಡೀಬಹುದು. ಅದಕ್ಕೇ ಕೇಳಿದ್ದು.”

ಸ್ಕೂಟರ್ ಶುರುವಾಯಿತು. ನನ್ನ ಮನಸ್ಸಿನಲ್ಲಿ ಎರಡು ಬಾಗಿಲು ಕಂಡವು. ಒಂದರ ಹೊರಗೆ ನಮ್ಮ ಪಾತ್ರೆ, ಹಾಸಿಗೆ ಬಿದ್ದಿದ್ದವು. ಇನ್ನೊಂದರ ಒಳಗೆ ಏನಿತ್ತೆಂದು ಬರೆಯುವುದಿಲ್ಲ. ಹಿಟ್ಟಿನ ಕೈಯಿಂದಲೇ ಸ್ಕೂಟರಿನ ಹ್ಯಾಂಡಲ್ ಹಿಡಿದೆ.

“ಒಂದು ಕೂಸು ಅದರಿ. ನನ್ನ ಮಗ್ಗಲದಾಗೇ ಮಲಗತಿತ್ತು. ಮೈ ಬಿಸಿ ಅದ.”

ಸಿಸ್ಟರಿಗೆ ಸಿಟ್ಟು ಬಂತು. “ಅಜ್ಜೀ! ಈಗ ತಾನೇ ಯಾರೂ ಇಲ್ಲ ಅಂದ್ಯಲ್ಲ! ಹೇಳೋಕೇನಾಗಿತ್ತು?”

“ತಗಡು ಹೊಡೀತೀರಿ.”

“ಯಾವ ತಗಡು?”

ಹೇಳಿದೆ. ಅವಳು ಗಾಡಿ ಆರಿಸಿ ತಲೆ ಚಚ್ಚಿಕೊಂಡಳು. “ಅದು ಬೇರೆ ಕಾಯಿಲೆ ಅಜ್ಜಿ, ಬೇರೆ ಕಾಲ. ತಗಡಿಲ್ಲ, ಬೋರ್ಡಿಲ್ಲ. ನಿಮ್ ವಠಾರಕ್ಕೆ ನಾನು ಕಾಲೂ ಇಡಲ್ಲ, ಆಯ್ತಾ? ನೀವೇ ಮಗೂನ ಕರ್ಕೊಂಡು ಬನ್ನಿ. ನಾಳೇನೇ.” ಈ ಸಲ ಮಗನ ನಂಬರ್ ಕೊಟ್ಟೆ.

ಮನೆಯಲ್ಲಿ ಶರಣು ಕೂಗಾಡಿದ. “ನಿನ್ ಬಾಯಿಗಿ ಬೀಗ ಹಾಕಬೇಕು ಯವ್ವ! ಒಂದೇ ಮಾತು ಹೇಳಿದ್ದೆ ನಿನಗ!” ರೇಣುಕಾ, “ಎಲ್ಲಿಗಿ ಒಯ್ಯಬೇಕು?” ಎಂದಷ್ಟೇ ಕೇಳಿದಳು.

ಒಯ್ದದ್ದು ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ. ಬಸ್ಸಿನಲ್ಲಿ ರೇಣುಕಾ ಕೂಸನ್ನು ಕಟ್ಟಿಕೊಂಡು ಮುಂದೆ ಕೂತಳು, ನಾನು ಮಾಸ್ಕ್ ಹಾಕಿಕೊಂಡು ಹಿಂದಿನ ಬಾಗಿಲ ಬಳಿ ನಿಂತೆ. ಯಾರೋ ಒಬ್ಬಳು ಮುದುಕಿ ಅವರ ಹಿಂದೆ ಬಂದ ಹಾಗೆ.

ಆ ಆಸ್ಪತ್ರೆಯ ಬೆಂಚಿನ ಬಗ್ಗೆ ಹೇಳಬೇಕು. ಅಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಒಂದಾಳಿನಷ್ಟು ಜಾಗ ಬಿಟ್ಟು ಕೂತಿರುತ್ತಾರೆ. ಎಲ್ಲರಿಗೂ ಅದೇ ಕಾಯಿಲೆ, ಆದರೂ ಒಬ್ಬರಿಗೊಬ್ಬರು ಹೆದರುತ್ತಾರೆ. ನಾನು ನಿಂತೇ ಇದ್ದೆ. ಬುರ್ಖಾ ಹಾಕಿದ ಒಬ್ಬ ಹೆಂಗಸು ತನ್ನ ಪಕ್ಕದ ಜಾಗ ತಟ್ಟಿ ಕರೆದಳು. ಗೌರಿಯ ಕಡೆ ನೋಡಿ, “ಪೋತೀ ಕ್ಯಾ?” ಎಂದಳು. ಮೊಮ್ಮಗಳಾ ಎಂದು ಕೇಳಿದ್ದು. ನಮ್ಮ ಕಡೆ ಆ ಮಾತು ಎಲ್ಲರಿಗೂ ಬರುತ್ತದೆ. ಹೌದು, ನನ್ನಿಂದಲೇ ಬಂದಿರಬೇಕು ಅದಕ್ಕೆ ಎಂದೆ. ಅವಳು ಅಯ್ಯೋ ಪಾಪ ಎನ್ನಲಿಲ್ಲ. “ನನಗೆ ಕೊಟ್ಟಿದ್ದು ನನ್ ಗಂಡ. ಅವನಿಗೆ ಯಾರು ಕೊಟ್ರೋ. ಬಸ್ಸಲ್ಲಿ ಯಾರೋ ಕೆಮ್ಮಿರ್ತಾರೆ. ಅವನನ್ನ ಎಲ್ಲಿ ಹುಡುಕ್ಲಿ, ಹೊಡೆಯೋಕೆ?” ಎಂದಳು. ಎಷ್ಟೋ ದಿನಗಳ ಮೇಲೆ ನಕ್ಕೆ. ನಕ್ಕದ್ದಕ್ಕೆ ಕೆಮ್ಮು ಬಂತು. ಅವಳು ಸರಿದು ಕೂರಲಿಲ್ಲ.

ಗೌರಿಯ ಮುಂಗೈಗೆ ಸಣ್ಣ ಸೂಜಿ ಚುಚ್ಚಿದರು. ಮೂರನೇ ದಿನ ಬನ್ನಿ, ಅಲ್ಲಿ ಗಟ್ಟಿಯಾಗಿ ಊದಿದೆಯೋ ನೋಡಬೇಕು ಎಂದರು. ಊದದಿದ್ದರೆ ಒಳ್ಳೆಯದು.

ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ನಾನು ಖೋಲಿಯೊಳಗೆ ಹೋಗುವ ಹಾಗಿರಲಿಲ್ಲ. ರೇಣುಕಾ ಬೇಡ ಎಂದಿರಲಿಲ್ಲ, ನಾನು ಹೊಸ್ತಿಲ ಹತ್ತಿರ ಬಂದರೆ ಕೂಸನ್ನು ಎತ್ತಿಕೊಂಡು ಒಳಗಿನ ಮೂಲೆಗೆ ಹೋಗುತ್ತಿದ್ದಳು. ಹೊರಗಿನ ಕಲ್ಲಿನ ಮೇಲೆ ಕೂತು ಆ ಸಣ್ಣ ಕೈಯನ್ನೇ ನೋಡುತ್ತಿದ್ದೆ. ನನ್ನ ಕಣ್ಣು ಮೊದಲಿನಿಂದಲೂ ಮಂಜು, ದೂರದಿಂದ ಏನು ಕಾಣಬೇಕು? ಒಮ್ಮೆ ಕೆಂಪಗೆ ಕಂಡಿತು. ಒಮ್ಮೆ ಏನೂ ಇಲ್ಲವೆನ್ನಿಸಿತು. “ರೇಣುಕಾ, ಊದೇದೇನ?” ಎಂದು ಕೇಳಿದರೆ, “ಗೊತ್ತಿಲ್ರಿ ಅತ್ತಿ” ಎನ್ನುತ್ತಿದ್ದಳು. ಅವಳಿಗೆ ಗೊತ್ತಿತ್ತು. ಬೆರಳಿಂದ ಮುಟ್ಟಿ ಮುಟ್ಟಿ ನೋಡುವುದನ್ನು ನಾನು ಕಂಡಿದ್ದೆ.

ಊದಿತ್ತು.

ಆಸ್ಪತ್ರೆಯಲ್ಲಿ ಅಳತೆ ಹಿಡಿದು ನೋಡಿದರು. ಎದೆಯ ಫೋಟೋಗೆ ಕಳಿಸಿದರು. ಕೂಸು ಅಲ್ಲಾಡಬಾರದೆಂದು ಶರಣು ಅದರ ಎರಡೂ ಕೈ ಮೇಲೆತ್ತಿ ಹಿಡಿದ. ಅದು ಚೀರಿದ್ದು ಹೊರಗಿನವರೆಗೆ ಕೇಳಿತು. ನಾನು ದೇವರಿಗೆ ಹರಕೆ ಹೊರಲಿಲ್ಲ. ಇಂಥ ಹೊತ್ತಿನಲ್ಲಿ ಆಸೆ ತೋರಿಸಿ ಕೇಳುವುದು ನನಗೆ ಬರುವುದಿಲ್ಲ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು. ಫೋಟೋವನ್ನು ಬೆಳಕಿಗೆ ಹಿಡಿದು ಹೇಳಿದಳು: “ಮಗೂಗೆ ಕಾಯಿಲೆ ಇಲ್ಲ. ಆದ್ರೆ ಒಳಗೆ ಹೋಗಿದೆ. ಈಗ ಮಲಗಿದೆ ಅಷ್ಟೇ. ಅದು ಏಳದ ಹಾಗೆ ಮಾತ್ರೆ ಕೊಡ್ತೀವಿ. ಒಂದು ದಿನಾನೂ ಬಿಡಬಾರ್ದು.”

“ಬಿಟ್ರ?” ಎಂದಳು ರೇಣುಕಾ.

“ಬಿಡಬೇಡಿ.”

ನಾನು ಬಾಗಿಲಲ್ಲಿ ನಿಂತೇ ಕೇಳಿದೆ: “ರೊಟ್ಟಿ ಅಗದು ತಿನಿಸ್ತಿದ್ದೆರಿ. ಅದಕ್ಕೇನು?”

“ಅದರಿಂದ ಅಲ್ಲಜ್ಜಿ. ಒಂದೇ ರೂಮಲ್ಲಿ ಕೆಮ್ಮಿದ್ದೀರಲ್ಲ, ಆ ಗಾಳಿಯಿಂದ.”

ನನಗೆ ಸಮಾಧಾನವಾಗಲಿ ಎಂದು ಹೇಳಿದಳೇನೋ. ರೊಟ್ಟಿಯಿಂದ ಹೋದರೇನು, ಗಾಳಿಯಿಂದ ಹೋದರೇನು, ಹೋದದ್ದು ನನ್ನಿಂದ. ಆದರೆ ಮಲಗಿದೆ ಎಂದಳಲ್ಲ, ಆ ಒಂದು ಮಾತನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ಮಗ ಸೊಸೆಯನ್ನೂ ಪರೀಕ್ಷೆ ಮಾಡಿದರು. ಅವರಿಗೆ ಕಾಯಿಲೆ ಇರಲಿಲ್ಲ.

ನನ್ನ ಗುಳಿಗೆಯ ಕಥೆ ಬೇರೆ. ಅದು ನುಂಗಿದರೆ ಮೂತ್ರ ಕಿತ್ತಳೆ ಹಣ್ಣಿನ ಬಣ್ಣ. ವಠಾರಕ್ಕೆಲ್ಲ ಒಂದೇ ಪಾಯಿಖಾನೆ. ಹಿಂದೆ ಬಂದವರು ನೋಡಿಬಿಟ್ಟರೆ ಎಂದು ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದೆ. ಹೊರಗೆ ಸೆಲ್ವಿ ಬಾಗಿಲು ಬಡಿಯುತ್ತಿದ್ದಳು: “ಅಜ್ಜೀ, ಒಳಗೆ ಕೆರೆ ತುಂಬಿಸ್ತಿದ್ಯಾ? ಬಾ ಹೊರಗೆ!”

ಕೊನೆಗೆ ಮುನಿರಾಜುಗೆ ಗೊತ್ತಾಯಿತು. ಮತ್ತೆ ಮತ್ತೆ ಕೂಸನ್ನು ಎತ್ತಿಕೊಂಡು ಎಲ್ಲಿ ಹೋಗುತ್ತೀರಿ ಎಂದು ಕೇಳಿದ. ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. ಟಿಬಿ ನನಗೆ, ಕೂಸಿಗೆ ಬರಬಾರದೆಂದು ಗುಳಿಗೆ ಎಂದೆ. ಮುಂದಿನ ತಿಂಗಳು ಖಾಲಿ ಮಾಡಿ ಎಂದ. ಶರಣು ಕೆ.ಆರ್.ಪುರದ ತನಕ ಖೋಲಿ ಹುಡುಕಿದ. ಮುಂದಿನ ತಿಂಗಳು ಬಂತು, ಮುನಿರಾಜು ಬಾಯಿ ಬಿಡಲಿಲ್ಲ. ಅವನು ಒಳ್ಳೆಯವನಾದ ಎಂದು ತಿಳಿಯಬೇಡಿ. ನಮ್ಮನ್ನು ಬಿಡಿಸಿದರೆ ಯಾಕೆಂದು ಹತ್ತು ಜನ ಕೇಳುತ್ತಾರೆ, ಟಿಬಿ ಇದ್ದ ಖೋಲಿ ಎಂದರೆ ಮತ್ತೆ ಯಾರೂ ಬರುವುದಿಲ್ಲ. ಅವನೂ ನನ್ನ ಹಾಗೆಯೇ ಸುದ್ದಿಗೆ ಹೆದರಿದ. ಶಾರದಮ್ಮ ಮತ್ತೆ ಕರೆಯಲಿಲ್ಲ. ಅವರೂ ಯಜಮಾನರೂ ಪರೀಕ್ಷೆ ಮಾಡಿಸಿಕೊಂಡರು, ಏನೂ ಇಲ್ಲ ಎಂದು ಸಿಸ್ಟರ್ ಹೇಳಿದಳು. ಈಗ ಅವರ ಮನೆಯಲ್ಲಿ ಚಪಾತಿಯಂತೆ.

ಈ ಕಾಯಿಲೆ ಬಂದವರಿಗೆ ನನ್ನಲ್ಲಿ ಧೈರ್ಯದ ಮಾತು ಇಲ್ಲ. ನಿಮ್ಮ ಹೆಸರು ಸರ್ಕಾರಕ್ಕೆ ಹೋಗುತ್ತದೆ. ಹೋಗಲಿ. ಹೋಗುವಾಗ ಸರಿಯಾದ ವಿಳಾಸ ಕೊಡಿ. ಮನೆಯಲ್ಲಿ ಕೂಸಿದ್ದರೆ ಅದನ್ನು ಮೊದಲು ಹೇಳಿ.

ಇನ್ನು ಗೌರಿ. ಅವಳ ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ಚಮಚದಲ್ಲಿ ಕೊಡಬೇಕಿತ್ತು. ದಿನಾ ಮುಂಜಾನೆ ಯುದ್ಧ. ತುಟಿ ಬಿಗಿ ಹಿಡಿಯುತ್ತಿದ್ದಳು. ಮೂಗು ಹಿಡಿದು ಹಾಕಿದರೆ ಫುರ್ ಎಂದು ಉಗುಳುತ್ತಿದ್ದಳು. ಬೆಲ್ಲ ಹಾಕಿದರು, ಜೇನು ಹಾಕಿದರು. ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ನೆಲಕ್ಕೆ ಬಿತ್ತು ಎಂದು ತಿಳಿಯದೆ ರೇಣುಕಾ ಅಳುತ್ತಿದ್ದಳು. ಒಂದು ದಿನಾನೂ ಬಿಡಬಾರದು ಎಂದ ಮಾತು ನನ್ನ ಎದೆಯಲ್ಲಿ ಕುಟ್ಟುತ್ತಿತ್ತು. ಹೊರಗೆ ಕೂತು ಕೇಳುವುದಷ್ಟೇ ನನ್ನ ಪಾಲಿಗೆ. ಅಷ್ಟರಲ್ಲಿ ನನ್ನ ಕಫ ಮತ್ತೆ ಪರೀಕ್ಷೆಯಾಗಿತ್ತು. ಇನ್ನು ಹರಡುವುದಿಲ್ಲ, ಒಳಗೆ ಮಲಗಬಹುದು ಎಂದು ಸಿಸ್ಟರ್ ಹೇಳಿದ್ದಳು. ರೇಣುಕಾ ಅದನ್ನು ಕೇಳಿಸಿಕೊಂಡಿದ್ದಳು, ಏನೂ ಅಂದಿರಲಿಲ್ಲ. ನಾನೂ ಒಳಗೆ ಹೋಗಿರಲಿಲ್ಲ.

ಒಂದು ಮುಂಜಾನೆ ನಾನು ಕಲ್ಲಿನ ಮೇಲೆ ಕೂತು ನನ್ನ ಗುಳಿಗೆ ನುಂಗುತ್ತಿದ್ದೆ. ದೊಡ್ಡ ಗುಳಿಗೆಗಳು, ಬಾಯಿ ದೊಡ್ಡದಾಗಿ ತೆರೆದೇ ಹಾಕಬೇಕು. ಒಳಗೆ ಗೌರಿಯ ಅಳು ನಿಂತಿತು. ತಿರುಗಿ ನೋಡಿದರೆ ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತ ತನ್ನ ಬಾಯನ್ನೂ ತೆರೆದಿದ್ದಳು. ರೇಣುಕಾ ಚಮಚ ಎತ್ತುವಷ್ಟರಲ್ಲಿ ಮುಚ್ಚಿಬಿಟ್ಟಳು.

ರೇಣುಕಾ ಚಮಚ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ಅತ್ತಿ” ಎಂದಳು. “ನಿಮ್ ಗುಳಗಿ ಇನ್ನೊಂದು ಅದನಾ?”

“ಎರಡು ಅವ.”

“ಒಳಗ ಬರ್ರಿ. ಇಕಿ ಮುಂದ ಕುಂತು ನುಂಗ್ರಿ.”

ಹೊಸ್ತಿಲು ದಾಟಿದೆ. ಕೂಸಿನ ಎದುರಿಗೆ ಕೂತೆ. ಮಾಸ್ಕ್ ತೆಗೆಯಲೋ ಬೇಡವೋ ಎಂದು ಸೊಸೆಯ ಮುಖ ನೋಡಿದೆ. ತಲೆಯಾಡಿಸಿದಳು. ತೆಗೆದು ಬಾಯಿ ಅಗಲಿಸಿ, ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ತೋರಿಸಿದೆ.

ಗೌರಿ ಆ ಎಂದಳು. ರೇಣುಕಾ ಚಮಚ ಹಾಕಿದಳು. ನಾನು ನುಂಗಿದೆ, ಅವಳೂ ನುಂಗಿದಳು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.